ನಿಮ್ಮ ‘ಟ್ವೆಲ್ಫ್ತ್ ನೈಟ್’ ಲೇಖನದ ಕುರಿತು

ಮಾನ್ಯರೇ,

ಶೇಕ್ಸ್‌ಪಿಯರ್‌ನ ‘ಟ್ವೆಲ್ಫ್ತ್ ನೈಟ್’ ನಾಟಕದ ಪಾತ್ರಗಳು ಮತ್ತು ರಚನೆಯ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಆದರೆ ತಿದ್ದಿ ಬರೆದರೆ ಒಳ್ಳೆಯ ಲೇಖನವೊಂದು ಅದರೊಳಗಿಂದ ಹೊರಬರಬಹುದು ಎಂದು ಅನ್ನಿಸಿರುವುದರಿಂದ ಕಾರಣಗಳನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ಲೇಖನದ ಮೊದಲರ್ಧವನ್ನು ಪಾತ್ರಪರಿಚಯಕ್ಕೂ ಉಳಿದರ್ಧವನ್ನು ಐದು ಅಂಕಗಳ ಕಥಾಸಾರಕ್ಕೂ ಕೊಟ್ಟಿದ್ದೀರಿ. ವಯೋಲಾ ಧೈರ್ಯವಂತೆ, ಆರ್ಸಿನೋ ಭಾವುಕ, ಒಲಿವಿಯಾ ಹಟಮಾರಿ, ಮಲ್ವೋಲಿಯೊ ಜಂಬಗಾರ ಎಂದು ಒಬ್ಬೊಬ್ಬರಿಗೂ ಒಂದೊಂದು ಗುಣ ಹಚ್ಚಿ ಮುಂದೆ ಸಾಗಿದ್ದೀರಿ. ಇದರಲ್ಲಿ ತಪ್ಪೇನೂ ಇಲ್ಲವಾದರೂ, ನಾಟಕ ಓದದವರಿಗೆ ಇವು ಬರಿಯ ಹೆಸರುಗಳಾಗಿ ಉಳಿಯುತ್ತವೆ, ಓದಿದವರಿಗೆ ಹೊಸದೇನೂ ಸಿಗುವುದಿಲ್ಲ. ಪಾತ್ರ ಬೇರೆ, ರಚನೆ ಬೇರೆ ಎಂದು ನೀವು ಎಣಿಸಿದ್ದೇ ತೊಂದರೆಯ ಮೂಲ. ಈ ನಾಟಕದಲ್ಲಿ ಒಬ್ಬರು ಎಂಥವರು ಎಂಬುದು, ಅವರ ದೃಶ್ಯದ ಹಿಂದೆ ಮುಂದೆ ಯಾರ ದೃಶ್ಯವಿದೆ ಎಂಬುದನ್ನು ನೋಡಿದಾಗಲೇ ಪೂರ್ತಿ ತಿಳಿಯುತ್ತದೆ.

ಎರಡನೆಯ ಅಂಕದ ನಾಲ್ಕು ಮತ್ತು ಐದನೆಯ ದೃಶ್ಯಗಳನ್ನು ಒಟ್ಟಿಗೆ ಇಟ್ಟುಕೊಂಡು ಮತ್ತೊಮ್ಮೆ ಓದಿ. ಗಂಡುವೇಷ ತೊಟ್ಟು ಸಿಸಾರಿಯೊ ಎಂಬ ಹೆಸರಿನಲ್ಲಿ ಡ್ಯೂಕ್ ಆರ್ಸಿನೋನ ಊಳಿಗದಲ್ಲಿರುವ ವಯೋಲಾ, ಒಡೆಯನ ಮೇಲಿನ ತನ್ನ ಪ್ರೀತಿಯನ್ನು ಅವನೆದುರಿಗೇ, ತನ್ನ ತಂದೆಗಿದ್ದ ಒಬ್ಬ ಮಗಳ ಕಥೆಯೆಂಬಂತೆ ಹೇಳಿಕೊಳ್ಳುತ್ತಾಳೆ. ಆ ಹುಡುಗಿ ತನ್ನ ಪ್ರೀತಿಯನ್ನು ಯಾರ ಮುಂದೆಯೂ ಬಾಯಿಬಿಡಲಿಲ್ಲ, ಮೊಗ್ಗಿನೊಳಗಿನ ಹುಳುವಿನಂತೆ ಆ ಗುಟ್ಟು ಅವಳ ಕೆನ್ನೆಯ ಬಣ್ಣವನ್ನು ತಿಂದುಹಾಕಿತು ಎನ್ನುತ್ತಾಳೆ. ಇದು ಮುಗಿದ ಕೂಡಲೇ, ಆರ್ಸಿನೋ ಮದುವೆಯಾಗಬಯಸಿದ ಸಿರಿವಂತೆ ಒಲಿವಿಯಾಳ ತೋಟಕ್ಕೆ ಮಲ್ವೋಲಿಯೊ ಬರುತ್ತಾನೆ. ಅವನೂ ಊಳಿಗದವನೇ, ಆ ಮನೆಯ ಪಾರುಪತ್ಯಗಾರ. ಒಡತಿಯನ್ನು ಮದುವೆಯಾಗಿ ಮೂರು ತಿಂಗಳಾಗಿದೆ, ಮಖಮಲ್ಲಿನ ನಿಲುವಂಗಿ ತೊಟ್ಟಿದ್ದೇನೆ, ನಿದ್ರಿಸುತ್ತಿರುವ ಒಲಿವಿಯಾಳನ್ನು ಬಿಟ್ಟು ಈಗಷ್ಟೇ ಎದ್ದುಬಂದು ಆಳುಗಳಿಗೆ ಅಪ್ಪಣೆ ಕೊಡುತ್ತಿದ್ದೇನೆ ಎಂದೆಲ್ಲ ಹಗಲುಗನಸು ಕಾಣುತ್ತಾನೆ. ಒಲಿವಿಯಾಳ ಸಖಿ ಮರಿಯಾ, ಒಡತಿಯೇ ಬರೆದ ಪ್ರೇಮಪತ್ರವೆಂಬಂತೆ ಬರೆದಿಟ್ಟ ಕಳ್ಳಪತ್ರ ಅವನ ಕಣ್ಣಿಗೆ ಬೀಳುವುದು ಇದೆಲ್ಲ ಆದ ಮೇಲೆ. ಪತ್ರದಿಂದಾಗಿ ಅವನಲ್ಲಿ ಆಸೆ ಹುಟ್ಟಿತು ಎಂದು ನೀವು ಬರೆದಿರುವುದು ಆದ್ದರಿಂದ ಸರಿಯಲ್ಲ. ಆಸೆ ಮೊದಲೇ ಇತ್ತು, ಪತ್ರ ಅದಕ್ಕೆ ಪುರಾವೆಯಾಗಿ ಒದಗಿತು.

ಒಡೆಯರನ್ನು ಬಯಸಿದ ಇಬ್ಬರು ಊಳಿಗದವರನ್ನು ನಾಟಕಕಾರ ಹೀಗೆ ಒಬ್ಬರ ಬೆನ್ನಿಗೆ ಒಬ್ಬರನ್ನು ತಂದು ನಿಲ್ಲಿಸುತ್ತಾನೆ. ನಾವು ಒಬ್ಬಳಿಗಾಗಿ ಮರುಗಿ, ಮರುಕ್ಷಣವೇ ಇನ್ನೊಬ್ಬನನ್ನು ನೋಡಿ ನಗುತ್ತೇವೆ. ಮೂರನೆಯವಳು ಮರಿಯಾ. ಅವಳನ್ನು, ಆ ಪತ್ರ ಬರೆದದ್ದಕ್ಕೆ ಪ್ರತಿಯಾಗಿ, ಒಡತಿಯ ಬಂಧು ಸರ್ ಟೋಬಿಯೇ ಮದುವೆಯಾಗುತ್ತಾನೆ. ವಯೋಲಾಗೆ ಕೊನೆಯಲ್ಲಿ ಆರ್ಸಿನೋ ಸಿಗುವುದಕ್ಕೆ, ಅವಳು ಹುಟ್ಟಿನಿಂದ ಕುಲೀನಳು ಎನ್ನಬಹುದು. ಮರಿಯಾಳ ಏಳಿಗೆಯನ್ನು ಒಪ್ಪಿದವರು ಮಲ್ವೋಲಿಯೊನನ್ನು ಮಾತ್ರ ಹುಚ್ಚನೆಂದು ಕತ್ತಲಕೋಣೆಗೆ ತಳ್ಳಿದ್ದೇಕೆ? ನಿಮ್ಮ ಲೇಖನ ಕೇಳಬೇಕಾದ ಪ್ರಶ್ನೆ ಇದು. ‘ಜಂಬಕ್ಕೆ ತಕ್ಕ ಶಾಸ್ತಿಯಾಯಿತು’ ಎಂದು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ನನ್ನ ಮಟ್ಟಿಗೆ ಆ ಶಾಸ್ತಿ ಹದ ಮೀರಿದ್ದು, ನಾಟಕವೂ ಅದನ್ನು ಬಲ್ಲದು: ನಾಲ್ಕನೆಯ ಅಂಕದಲ್ಲಿ ಈ ಕಿಡಿಗೇಡಿತನದಿಂದ ಪಾರಾದರೆ ಸಾಕು ಎಂದು ಸರ್ ಟೋಬಿಯೇ ಹೇಳುತ್ತಾನೆ, ಕೊನೆಯಲ್ಲಿ ಒಲಿವಿಯಾ ಮಲ್ವೋಲಿಯೊನಿಗೆ ಘೋರ ಅನ್ಯಾಯವಾಗಿದೆ ಎನ್ನುತ್ತಾಳೆ.

ಮಲ್ವೋಲಿಯೊನ ಕಥೆ ತೆಗೆದುಹಾಕಿದರೂ ನಡೆಯುವ ಉಪಕಥೆ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಒಲಿವಿಯಾಳ ಉಂಗುರವನ್ನು ವಯೋಲಾಳ ಬಳಿಗೆ ಒಯ್ಯುವವನು ಅವನೇ. ಒಲಿವಿಯಾ ತನ್ನನ್ನು ಪ್ರೀತಿಸುತ್ತಿದ್ದಾಳೆಂದು ವಯೋಲಾಗೆ ಹೊಳೆಯುವುದು ಆಗಲೇ. ಐದನೆಯ ಅಂಕದಲ್ಲಿ ಗುಟ್ಟು ಬಯಲಾದ ಮೇಲೂ ವಯೋಲಾ ಹೆಣ್ಣುಡುಗೆ ತೊಡಲಾಗುವುದಿಲ್ಲ, ಏಕೆಂದರೆ ಆ ಉಡುಗೆ ಅವಳನ್ನು ದಡ ಮುಟ್ಟಿಸಿದ ಹಡಗಿನ ಕಪ್ತಾನನ ಬಳಿ ಇದೆ, ಮತ್ತು ಆ ಕಪ್ತಾನ ಮಲ್ವೋಲಿಯೊ ಹೂಡಿದ ದಾವೆಯಿಂದಾಗಿ ಸೆರೆಯಲ್ಲಿದ್ದಾನೆ. ‘ನಿಮ್ಮೆಲ್ಲರ ಮೇಲೂ ಸೇಡು ತೀರಿಸಿಕೊಳ್ಳುತ್ತೇನೆ’ ಎಂದು ಮಲ್ವೋಲಿಯೊ ಹೊರಟುಹೋದಾಗ ಆರ್ಸಿನೋ ಅವನನ್ನು ಒಲಿಸಿ ಕರೆತರಲು ಆಳು ಕಳುಹಿಸುವುದು ಇದಕ್ಕಾಗಿಯೇ. ನಾಟಕ ಮುಗಿಯುವಾಗಲೂ ವಯೋಲಾ ಗಂಡುಡುಗೆಯಲ್ಲೇ ಇರುತ್ತಾಳೆ. 1602ರ ಫೆಬ್ರುವರಿ 2ರಂದು ಲಂಡನ್ನಿನ ಮಿಡಲ್ ಟೆಂಪಲ್ ಎಂಬ ವಕೀಲರ ಸಂಸ್ಥೆಯಲ್ಲಿ ಈ ನಾಟಕ ನೋಡಿದ ಕಾನೂನು ವಿದ್ಯಾರ್ಥಿ ಜಾನ್ ಮ್ಯಾನಿಂಗ್‌ಹ್ಯಾಮ್ ತನ್ನ ದಿನಚರಿಯಲ್ಲಿ ವಯೋಲಾಳ ಹೆಸರನ್ನೇ ಎತ್ತದೆ, ಪಾರುಪತ್ಯಗಾರನನ್ನು ಮೋಸಗೊಳಿಸಿದ ಪತ್ರದ ಪ್ರಸಂಗವನ್ನು ಮೆಚ್ಚಿ ಬರೆದಿಟ್ಟಿದ್ದಾನೆ. ಈ ವಿವರ ನಿಮ್ಮ ಲೇಖನದಲ್ಲಿ ಇರಲೇಬೇಕು.

ಎರಡು ಸಣ್ಣ ತಿದ್ದುಪಡಿಗಳಿವೆ. ಕಡಲಿನಲ್ಲಿ ಮುಳುಗಿದನೆಂದು ತಿಳಿದಿದ್ದ ವಯೋಲಾಳ ಅವಳಿ ಸೋದರ ಸೆಬಾಸ್ಟಿಯನ್ ಬದುಕಿರುವುದು ಪ್ರೇಕ್ಷಕರಿಗೆ ಕೊನೆಯಲ್ಲಿ ತಿಳಿಯುತ್ತದೆ ಎಂದಿದ್ದೀರಿ. ಎರಡನೆಯ ಅಂಕದ ಮೊದಲ ದೃಶ್ಯದಲ್ಲೇ ಅವನು ರಂಗದ ಮೇಲಿರುತ್ತಾನೆ, ತಿಳಿಯದಿರುವುದು ವಯೋಲಾಗೆ. ಮಲ್ವೋಲಿಯೊನನ್ನು ಪ್ಯೂರಿಟನ್ (ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಪಂಥದವನು) ಎಂದು ಕರೆದ ಮರಿಯಾ ಬೆನ್ನಿಗೇ ಆ ಮಾತನ್ನು ಹಿಂತೆಗೆದುಕೊಂಡು ಅವನೊಬ್ಬ ಸಮಯಸಾಧಕ ಎನ್ನುತ್ತಾಳೆ. ಅವಳ ಮೊದಲರ್ಧದ ಮಾತನ್ನಷ್ಟೇ ಉಲ್ಲೇಖಿಸಬೇಡಿ.

ವಿದೂಷಕ ಫೆಸ್ಟೆಯ ಕುರಿತ ಪ್ಯಾರಾ ಮಾತ್ರ ನನಗೆ ನಿಜವಾಗಿ ಹಿಡಿಸಿತು. ಮೊದಲ ಅಂಕದಲ್ಲಿ ಮಲ್ವೋಲಿಯೊ ತನ್ನನ್ನು ಹೀಯಾಳಿಸಿದ ಮಾತನ್ನು ಅವನು ಐದನೆಯ ಅಂಕದವರೆಗೂ ಮನಸ್ಸಿನಲ್ಲಿಟ್ಟುಕೊಂಡು ಅವನಿಗೇ ತಿರುಗಿಸಿ ಕೊಡುವುದನ್ನು ನೀವು ಚೆನ್ನಾಗಿ ಗುರುತಿಸಿದ್ದೀರಿ. ಪಾತ್ರ ಮತ್ತು ರಚನೆ ಒಂದೇ ಉಸಿರಿನಲ್ಲಿ ಬಂದಿರುವುದು ಅಲ್ಲಿ ಮಾತ್ರ. ಇಡೀ ಲೇಖನವನ್ನು ಆ ಪ್ಯಾರಾದಿಂದ ಆರಂಭಿಸಿ, ಕಥಾಸಾರವನ್ನು ಏಳೆಂಟು ಸಾಲಿಗೆ ಇಳಿಸಿ, ಸರ್ ಟೋಬಿಯ ಗೆಳೆಯ ಸರ್ ಆಂಡ್ರ್ಯೂ ಕುರಿತ ಪುಟವನ್ನು ಪೂರ್ತಿ ಕೈಬಿಟ್ಟು ಬರೆಯಿರಿ. ಉಲ್ಲೇಖಿಸುವ ಪ್ರತಿ ಮಾತಿಗೂ ಅಂಕ ಮತ್ತು ದೃಶ್ಯದ ಸಂಖ್ಯೆ ಕೊಡಿ. ಹೊಸ ಕರಡನ್ನು ನನ್ನ ಹೆಸರಿಗೇ ಕಳುಹಿಸಿ, ಖಂಡಿತ ಓದುತ್ತೇನೆ.

ಇತಿ,
ಸಂಪಾದಕ