ತೆರ್ಸಿಯೊದ ‘ಸಾರ್ಹೆಂತೊ ಮಯೋರ್’ ಈಗಿನ ಹವಾಲ್ದಾರ್ ಮೇಜರ್ ತರಹದ ಹುದ್ದೆಯೇ?

ಅಲ್ಲ, ಅದಕ್ಕಿಂತ ತುಂಬಾ ದೊಡ್ಡದು. 16ನೇ ಶತಮಾನದ ಸ್ಪೇನಿನಲ್ಲಿ ಕಾಲಾಳುಗಳ ದೊಡ್ಡ ದಳಕ್ಕೆ ತೆರ್ಸಿಯೊ ಎನ್ನುತ್ತಿದ್ದರು. ಅದರ ಮುಖ್ಯಸ್ಥ ಮಾಎಸ್ತ್ರೆ ದೆ ಕಾಂಪೊ. ಅವನನ್ನು ರಾಜನೇ ನೇಮಿಸುತ್ತಿದ್ದ. ಸಾರ್ಹೆಂತೊ ಮಯೋರ್ ಅವನ ನಂತರದವನು. ಕ್ಯಾಪ್ಟನ್‌ಗಳಿಗೆ ಆಜ್ಞೆ ಮುಟ್ಟಿಸುತ್ತಿದ್ದವನೇ ಇವನು.

ನನಗೆ ಇವನ ಕೆಲಸವೇ ಜಾಸ್ತಿ ಇಷ್ಟ, ಯಾಕಂದ್ರೆ ಇವನಿಗೆ ಲೆಕ್ಕವೂ ಬರಬೇಕಿತ್ತು. 1,600 ಈಟಿಗಾರರನ್ನು ಚೌಕವಾಗಿ ನಿಲ್ಲಿಸಬೇಕು ಅನ್ನಿ. ಸಾಲಿಗೆ 40 ಜನ, ಒಟ್ಟು 40 ಸಾಲು. ಸಂಖ್ಯೆ ಇಷ್ಟು ಸಲೀಸಾಗಿ ಇರುವುದು ಅಪರೂಪ ಅಲ್ವಾ? ಆಗ ವರ್ಗಮೂಲ ತೆಗೆಯಬೇಕಿತ್ತು, ಅದೂ ಯುದ್ಧದ ಅವಸರದಲ್ಲಿ! ಇದಕ್ಕೆಂದೇ ಕೋಷ್ಟಕಗಳಿರುವ ಕೈಪಿಡಿಗಳೂ ಬಂದವು.

ಇಡೀ ಸೈನ್ಯದ ಮೇಲೆ ಕಾಪಿತಾನ್ ಹೆನೆರಾಲ್ ಇರುತ್ತಿದ್ದ. ಬಡವರಿಗೂ ಮೇಲೇರುವ ದಾರಿ ಇತ್ತು: ಹೂಲಿಯಾನ್ ರೊಮೆರೊ ಸಾಮಾನ್ಯ ಸೈನಿಕನಾಗಿ ಸೇರಿ ಮಾಎಸ್ತ್ರೆ ದೆ ಕಾಂಪೊ ಆದ.