ಆರ್.ಇ.ಎಂ. ತಂಡದ ‘ಆಟೊಮ್ಯಾಟಿಕ್ ಫಾರ್ ದ ಪೀಪಲ್’ ಇಷ್ಟು ನಿಧಾನವಾಗಿರುವಾಗ ಅದನ್ನು ರಾಕ್ ಆಲ್ಬಮ್ ಎನ್ನುವುದೇಕೆ?

ಎರಡು ಸಲ ಪೂರ್ತಿ ಕೇಳಿದರೂ ಈ ಆಲ್ಬಮ್ ಶೋಕಗೀತೆಗಳ ಸಂಕಲನದಂತೆಯೇ ತೋರಿತು, ಡ್ರಮ್ಸ್ ಇದೆಯೋ ಇಲ್ಲವೋ ಎನ್ನುವಷ್ಟು ಮೆಲ್ಲಗಿದೆ, ಆದರೂ ಮುಖ್ಯವಾಹಿನಿಯ ಹೊರಗೆ ಬೆಳೆದ ಆಲ್ಟರ್ನೇಟಿವ್ ರಾಕ್‌ನ ಶ್ರೇಷ್ಠ ಆಲ್ಬಮ್‌ಗಳಲ್ಲಿ ಇದನ್ನೇಕೆ ಎಣಿಸುತ್ತಾರೆ ಎಂದು ನೀವು ಕೇಳಿದ್ದೀರಿ. ನಿಮ್ಮ ಕಿವಿಗೆ ಬಿದ್ದದ್ದು ಸರಿಯಾಗಿಯೇ ಇದೆ. ನಾನು ಮೊದಲ ಸಲ ಕೇಳಿದಾಗ ಎರಡನೆಯ ಹಾಡು ಮುಗಿಯುವ ಮೊದಲೇ ನಿಲ್ಲಿಸಿದ್ದೆ. ಮತ್ತೆ ಇದರ ಬಳಿಗೆ ಬರಲು ನನಗೆ ಹಲವು ವರ್ಷಗಳೇ ಹಿಡಿದವು. ಈಗ ಇದು ನಾನು ಅತಿ ಹೆಚ್ಚು ಸಲ ಕೇಳಿರುವ ಆಲ್ಬಮ್ ಆಗಿರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಇದು ಬಿಡುಗಡೆಯಾದದ್ದು 1992ರ ಅಕ್ಟೋಬರ್‌ನಲ್ಲಿ. ಅದಕ್ಕೂ ಒಂದು ವರ್ಷ ಹಿಂದೆ ನಿರ್ವಾಣ ಎಂಬ ತಂಡದ ಆಲ್ಬಮ್ ‘ನೆವರ್‌ಮೈಂಡ್’ ಬಂದು, ಅಬ್ಬರದ ಗಿಟಾರೇ ಆಲ್ಟರ್ನೇಟಿವ್ ರಾಕ್‌ನ ಗುರುತು ಎನ್ನುವಂತಾಗಿತ್ತು. ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಪಟ್ಟಣದಲ್ಲಿ 1980ರಲ್ಲಿ ಹುಟ್ಟಿದ ಆರ್.ಇ.ಎಂ., ಈ ಬಗೆಯ ಸಂಗೀತಕ್ಕೆ ದಾರಿ ಮಾಡಿಕೊಟ್ಟ ತಂಡಗಳಲ್ಲಿ ಒಂದು. 1991ರ ‘ಔಟ್ ಆಫ್ ಟೈಮ್’ ಅಮೆರಿಕ ಮತ್ತು ಬ್ರಿಟನ್ ಎರಡರಲ್ಲೂ ಮೊದಲ ಸ್ಥಾನಕ್ಕೇರಿದ ಮೇಲೆ, ಮುಂದಿನ ಆಲ್ಬಮ್ ಜೋರಾಗಿಯೇ ಇರಬೇಕೆಂದು ತಂಡದವರೂ ಅಂದುಕೊಂಡಿದ್ದರು. ಆದರೆ ಗಿಟಾರಿನ ಪೀಟರ್ ಬಕ್, ಬೇಸ್‌ನ ಮೈಕ್ ಮಿಲ್ಸ್, ಡ್ರಮ್ಸ್‌ನ ಬಿಲ್ ಬೆರ್ರಿ ಮೂವರೂ ತಂತಮ್ಮ ವಾದ್ಯಗಳನ್ನು ಅದಲುಬದಲು ಮಾಡಿಕೊಂಡು ಅಭ್ಯಾಸಕ್ಕೆ ಕುಳಿತಾಗ ಹುಟ್ಟಿದ್ದು ಹೆಚ್ಚಾಗಿ ಮಂದಗತಿಯ ರಚನೆಗಳು. ಅವರು ಅವನ್ನು ಪಕ್ಕಕ್ಕಿಡದೆ ಅವುಗಳ ಬೆನ್ನು ಹಿಡಿದು ಹೋದರು. ನಿಮಗೆ ಕೊರತೆಯಾಗಿ ಕಂಡ ಆ ನಿಧಾನ, ಅಬ್ಬರಿಸಲು ಬಲ್ಲವರು ಬೇಕೆಂದೇ ಉಳಿಸಿಕೊಂಡದ್ದು. ನನಗೆ ಇದರಲ್ಲಿ ರಾಕ್ ಕಾಣುವುದು ಆ ಧೈರ್ಯದಲ್ಲೇ.

ಮೊದಲ ಹಾಡು ‘ಡ್ರೈವ್’ ಕೇಳಿ. ಅದಕ್ಕೆ ಪಲ್ಲವಿಯೇ ಇಲ್ಲ. ಒಂಟಿ ಅಕೂಸ್ಟಿಕ್ ಗಿಟಾರಿನ ಜೊತೆ ಗಾಯಕ ಮೈಕಲ್ ಸ್ಟೈಪ್ ಅವರ ದನಿ ದೊಡ್ಡ ಖಾಲಿ ಹಾಲಿನಲ್ಲಿ ನಿಂತು ಹಾಡಿದಂತೆ ಮೊಳಗುತ್ತದೆ. ತಂತಿವಾದ್ಯಗಳೂ ಎಲೆಕ್ಟ್ರಿಕ್ ಗಿಟಾರೂ ಒಳಗೆ ಬರುವುದು ಆಮೇಲೆ. ಇದೂ ಸೇರಿದಂತೆ ನಾಲ್ಕು ಹಾಡುಗಳಿಗೆ ತಂತಿವಾದ್ಯಗಳ ಸಂಯೋಜನೆ ಮಾಡಿದವರು ಬ್ರಿಟನ್ನಿನ ರಾಕ್ ತಂಡ ಲೆಡ್ ಜೆಪ್ಪೆಲಿನ್‌ನ ಜಾನ್ ಪಾಲ್ ಜೋನ್ಸ್. ರಾಕ್‌ನ ಅತ್ಯಂತ ಭಾರವಾದ ಸದ್ದುಗಳಲ್ಲಿ ಒಂದನ್ನು ಕಟ್ಟಿದವರ ಪೈಕಿ ಒಬ್ಬರಾದ ಅವರು ಇಲ್ಲಿ ಎಷ್ಟು ಹಗುರವಾಗಿ ಕೈಯಿಟ್ಟಿದ್ದಾರೆ ಎಂಬುದನ್ನು ಗಮನಿಸಬೇಕು.

ಡ್ರಮ್ಸ್ ಬಗ್ಗೆ ನೀವು ಹೇಳಿದ ಮಾತಿಗೆ ನಾಲ್ಕನೆಯ ಹಾಡಾದ ‘ಎವ್ರಿಬಡಿ ಹರ್ಟ್ಸ್’ನಲ್ಲೇ ಉತ್ತರವಿದೆ. ಆರ್.ಇ.ಎಂ. ತನ್ನ ಹಾಡುಗಳ ರಚನೆಯ ಶ್ರೇಯಸ್ಸನ್ನು ನಾಲ್ವರ ಹೆಸರಿನಲ್ಲೂ ಹಾಕುತ್ತಿತ್ತಾದರೂ ಈ ಹಾಡು ಮುಖ್ಯವಾಗಿ ಡ್ರಮ್ಮರ್ ಬೆರ್ರಿ ಅವರದು. ಹಾಗಿದ್ದೂ ಮೊದಲ ಭಾಗದಲ್ಲಿ ತಾಳ ಹಿಡಿದಿರುವುದು ಒಂದು ಸಾದಾ ಡ್ರಮ್ ಮಷಿನ್. ಹೆಡ್‌ಫೋನ್ ಹಾಕಿಕೊಂಡು ಅದೊಂದನ್ನೇ ಹಿಂಬಾಲಿಸಿ: ಗಿಟಾರ್ ತಂತಿಗಳನ್ನು ಒಂದೊಂದಾಗಿ ಮೀಟುತ್ತಿರುವಾಗ ಅದು ಏರಿಳಿತವಿಲ್ಲದೆ, ನಿದ್ದೆ ಬಾರದ ರಾತ್ರಿಯ ಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತಿರುತ್ತದೆ. ಹಾಡಿನ ನಡುವೆ, ನೀನು ಒಂಟಿಯಲ್ಲ ಎಂದು ಹೇಳುವ ಹೊತ್ತಿಗೆ, ನಿಜವಾದ ಡ್ರಮ್ಸ್ ಬಂದು ಸೇರುತ್ತದೆ. ಅಲ್ಲಿಯವರೆಗೆ ಯಂತ್ರದೊಂದಿಗೆ ಒಬ್ಬಂಟಿಯಾಗಿದ್ದ ದನಿಯ ಬೆನ್ನಿಗೆ ಮನುಷ್ಯರ ಕೈಗಳು ಬಂದು ನಿಂತಂತಾಗುತ್ತದೆ. ಡ್ರಮ್ಸ್ ಮೊದಲಿನಿಂದಲೂ ಇದ್ದಿದ್ದರೆ ಈ ಆಗಮನಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಸಾವಿನ ವಿಷಯಕ್ಕೆ ಬರೋಣ, ಏಕೆಂದರೆ ಶೋಕ ಎಂದು ನೀವು ಗುರುತಿಸಿದ್ದು ಅದನ್ನೇ. ಎರಡನೆಯ ಹಾಡಿನಲ್ಲಿ ಮಾತನಾಡುವುದು ಬದುಕನ್ನು ಮುಗಿಸಿಕೊಂಡು ಹೊರಡಲು ಸಿದ್ಧವಾಗಿರುವ ಒಂದು ವೃದ್ಧ ಜೀವ. ಆರನೆಯದಾದ ‘ಸ್ವೀಟ್‌ನೆಸ್ ಫಾಲೋಸ್’ನಲ್ಲಿ ತಂದೆತಾಯಿಯನ್ನು ಮಣ್ಣು ಮಾಡಲು ಸಿದ್ಧರಾಗುತ್ತಿರುವ ಒಡಹುಟ್ಟಿದವರಿದ್ದಾರೆ. ಚೆಲ್ಲೊ ಎಂಬ ತಂತಿವಾದ್ಯದ ತಗ್ಗಿದ ನಾದ, ಅದರ ಮೇಲೆ ಗಿಟಾರಿನ ಒರಟು ಕೂಗು ಸೇರಿ ಗಂಟಲಲ್ಲೇ ಉಳಿದ ಅಳುವಿನಂತೆ ಕೇಳಿಸುತ್ತದೆ. ಇವು ಯಾವುವೂ ಅಳು ಎಂದು ನಮ್ಮನ್ನು ಒತ್ತಾಯಿಸುವುದಿಲ್ಲ. ‘ಮ್ಯಾನ್ ಆನ್ ದ ಮೂನ್’ ಅಂತೂ ತೀರಿಹೋದ ಹಾಸ್ಯನಟ ಆ್ಯಂಡಿ ಕೌಫ್‌ಮನ್ ಅವರನ್ನು ಪ್ರೀತಿಯಿಂದ, ಬಹುಪಾಲು ಸಂತೋಷದಿಂದಲೇ ನೆನೆಯುತ್ತದೆ. ದನಿಯೆತ್ತಿ ಸಿಟ್ಟು ಕಾರುವ ಹಾಡು ಒಂದೇ ಒಂದು, ಅಮೆರಿಕದ ಆಗಿನ ರಾಜಕಾರಣದ ಕುರಿತ ‘ಇಗ್ನೋರ್‌ಲ್ಯಾಂಡ್’. ನನ್ನ ಮಟ್ಟಿಗೆ ಈ ಹನ್ನೆರಡರಲ್ಲಿ ಮನಸ್ಸಿನಲ್ಲಿ ನಿಲ್ಲದ ಹಾಡೂ ಅದೊಂದೇ.

ಹನ್ನೊಂದನೆಯ ‘ನೈಟ್‌ಸ್ವಿಮಿಂಗ್’ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ತಂಡದ ಪೈಕಿ ಇದರಲ್ಲಿರುವುದು ಮಿಲ್ಸ್ ಅವರ ಪಿಯಾನೊ, ಸ್ಟೈಪ್ ಅವರ ದನಿ, ಇಷ್ಟೇ. ಇದನ್ನು ಕೀಬೋರ್ಡ್ ಮೇಲೆ ಕಲಿಯಲು ನಾನು ಒಂದು ವಾರ ಕುಳಿತೆ. ಕೇಳುವಾಗ ಸರಳವೆನಿಸುವ ಆ ಸುತ್ತನ್ನು ನುಡಿಸಲು ಹೊರಟಾಗ ತಿಳಿದದ್ದು, ಬೆರಳುಗಳಿಗೆ ಅಲ್ಲಿ ನಿಂತು ಉಸಿರಾಡಲು ಜಾಗವೇ ಇಲ್ಲವೆಂದು. ಒಂದು ಸುತ್ತು ಮುಗಿಯಿತು ಎನ್ನುವಷ್ಟರಲ್ಲಿ ಕೈ ಆಗಲೇ ಮುಂದಿನದಕ್ಕೆ ಜಾರಿರುತ್ತದೆ. ಹಾಡಿನ ವಸ್ತುವೂ ಅದೇ: ಹಿಂದೊಮ್ಮೆ ರಾತ್ರಿ ಈಜಿದ ನೆನಪು, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟ ಹಳೆಯ ಫೋಟೊ, ಹಿಡಿದಿಡಲಾಗದ ಕಾಲ. ಕೊನೆಯ ಭಾಗದಲ್ಲಿ ಒಬೊ ಎಂಬ ಊದುವಾದ್ಯ ಮೆಲ್ಲನೆ ಬಂದು, ಹೇಳದೆ ಉಳಿದದ್ದನ್ನು ಹೇಳಿ ಹೋಗುತ್ತದೆ. ಇಲ್ಲಿ ಡ್ರಮ್ಸ್ ಇಲ್ಲವೇ ಇಲ್ಲ, ನಿಜ. ಇರಬೇಕಿತ್ತು ಎಂದು ನನಗೆ ಒಮ್ಮೆಯೂ ಅನಿಸಿಲ್ಲ.

ಮೂರನೆಯ ಸಲ ಕೇಳುವ ಮನಸ್ಸಿದ್ದರೆ ಒಂದೇ ಬೈಠಕ್ಕಿನಲ್ಲಿ ಮುಗಿಸಬೇಡಿ. ಕ್ಯಾಸೆಟ್ ಮತ್ತು ಎಲ್‌ಪಿಗಳಲ್ಲಿ ಇದು ಆರಾರು ಹಾಡುಗಳ ಎರಡು ಬದಿಗಳಾಗಿ ಬಂದಿತ್ತು. ‘ಸ್ವೀಟ್‌ನೆಸ್ ಫಾಲೋಸ್’ ಆದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಎರಡನೆಯ ಬದಿಯನ್ನು ಶುರು ಮಾಡಿ. ಕೊನೆಯ ‘ಫೈಂಡ್ ದ ರಿವರ್’ ಬಂದಾಗ ಸ್ಟೈಪ್ ಅವರನ್ನು ಬಿಟ್ಟು ಹಿಂದಿನ ದನಿಗಳ ಕಡೆ ಕಿವಿಗೊಡಿ. ಮಿಲ್ಸ್ ಮತ್ತು ಬೆರ್ರಿ ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಕೇಳಿಸಿಕೊಳ್ಳದೆ ಬೇರೆಬೇರೆಯಾಗಿ ಹಾಡಿ ಧ್ವನಿಮುದ್ರಿಸಿದ ದನಿಗಳವು. ಒಂದು ತಗ್ಗಿನಲ್ಲಿ ಸಮಾಧಾನವಾಗಿ ಸಾಗುತ್ತದೆ, ಇನ್ನೊಂದು ಮೇಲೇರಿ ಹಂಬಲಿಸುತ್ತದೆ, ಹಾಗಿದ್ದೂ ಎರಡೂ ಒಂದೇ ಹಾಡಿನೊಳಗೆ ಕೂಡಿಕೊಳ್ಳುತ್ತವೆ.