ಆ 190 ಗ್ರಾಂ ಎಲ್ಲಿ ಹೋಯಿತು?

ಮಾನ್ಯರೇ,

ಟೆಕ್ಸಾಸ್‌ನಿಂದ ನೀವು ಕಳುಹಿಸಿದ ‘ಕೊಳದ ಕದನ’ ಲೇಖನವನ್ನು ಎರಡು ಸಲ ಓದಿದೆ. ರೇಡಿಯೊ ನಿಯಂತ್ರಣದ ಪುಟ್ಟ ಯುದ್ಧನೌಕೆಗಳನ್ನು ಕಟ್ಟಿ, ಅವುಗಳಿಂದ ನಿಜವಾಗಿಯೇ ಗುಂಡು ಹಾರಿಸಿ, ಎದುರಾಳಿಯ ಹಡಗನ್ನು ಮುಳುಗಿಸುವ ಈ ಹವ್ಯಾಸದ ಬಗ್ಗೆ ನಮ್ಮ ಪತ್ರಿಕೆಗೆ ಇದುವರೆಗೆ ಯಾರೂ ಬರೆದಿರಲಿಲ್ಲವಾದ್ದರಿಂದ ಇದನ್ನು ಅಚ್ಚು ಹಾಕುವ ಆಸೆ ನಮಗೂ ಇದೆ. ಆದರೆ ಈಗಿರುವ ರೂಪದಲ್ಲಿ ಹಾಕಲಾರೆವು. ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಹದಿನಾಲ್ಕು ಪುಟಗಳ ಪೈಕಿ ಮೊದಲ ಒಂಬತ್ತನ್ನು ನೀವು ಎರಡನೆಯ ಮಹಾಯುದ್ಧದ ದೈತ್ಯ ಯುದ್ಧನೌಕೆಗಳಾದ ಬಿಸ್ಮಾರ್ಕ್ ಮತ್ತು ಯಮಾಟೊಗಳ ಚರಿತ್ರೆಗೆ ಕೊಟ್ಟಿದ್ದೀರಿ. ಅದನ್ನು ಓದುಗರು ಬೇರೆ ಕಡೆಯೂ ಓದಬಲ್ಲರು. ನೀವು ನಿಮ್ಮ ಕೈಯಾರೆ ಕಟ್ಟಿದ್ದು ಅಮೆರಿಕದ ಫ್ಲೆಚರ್ ವರ್ಗದ ಚುರುಕಾದ ಚಿಕ್ಕ ಯುದ್ಧನೌಕೆಯ, ಅಂದರೆ ಡಿಸ್ಟ್ರಾಯರ್‌ನ ಮಾದರಿಯನ್ನು, ಮತ್ತು ಅದು ಕಾಣಿಸಿಕೊಳ್ಳುವುದು ಹತ್ತನೆಯ ಪುಟದಲ್ಲಿ. ಅಲ್ಲಿ ಒಂದು ವಾಕ್ಯವಿದೆ: ‘ಅಡುಗೆಮನೆಯ ತಕ್ಕಡಿಯ ಮೇಲಿಟ್ಟಾಗ ಅದು 1,040 ಗ್ರಾಂ ತೂಗಿತು, ಎದೆ ಧಸಕ್ಕೆಂದಿತು.’ ಮುಂದಿನ ಪ್ಯಾರಾದಲ್ಲಿ ಹಡಗು ಆಗಲೇ ಕೊಳದಲ್ಲಿ ಗುಂಡು ಹಾರಿಸುತ್ತಿದೆ! ಎದೆ ಏಕೆ ಧಸಕ್ಕೆಂದಿತು, ಆಮೇಲೆ ನೀವು ಏನು ಮಾಡಿದಿರಿ ಎಂಬುದರ ಸುಳಿವೇ ಇಲ್ಲ. ನನ್ನ ಮಟ್ಟಿಗೆ ಲೇಖನ ಇರುವುದು ಆ ಎರಡು ಪ್ಯಾರಾಗಳ ನಡುವಿನ ಖಾಲಿ ಜಾಗದಲ್ಲಿ.

ಅದನ್ನು ಬರೆಯುವ ಮೊದಲು ಒಂದು ತಪ್ಪನ್ನು ತಿದ್ದಬೇಕು. ಅಳತೆ 1:144 ಇರುವುದರಿಂದ ಮಾದರಿಯು ಮೂಲ ಹಡಗಿಗಿಂತ ‘144 ಪಟ್ಟು ಹಗುರ’ ಎಂದು ಬರೆದಿದ್ದೀರಿ. ಹಾಗಾಗಿದ್ದರೆ ನಿಮ್ಮ ಹಡಗು 17 ಟನ್ ತೂಗುತ್ತಿತ್ತು, ಕಾರಿನ ಡಿಕ್ಕಿಯಲ್ಲಿ ಅದನ್ನು ಕೊಳಕ್ಕೆ ಒಯ್ಯಲಾಗುತ್ತಿರಲಿಲ್ಲ. ಉದ್ದ, ಅಗಲ, ಆಳ ಮೂರೂ 144 ಪಟ್ಟು ಕುಗ್ಗುವುದರಿಂದ ತೂಕವು 144ರ ಘನದಷ್ಟು, ಅಂದರೆ ಸುಮಾರು 30 ಲಕ್ಷ ಪಟ್ಟು ಇಳಿಯುತ್ತದೆ. ಪೂರ್ಣ ಭಾರದಲ್ಲಿ ಸುಮಾರು 2,500 ಟನ್ ತೂಗುತ್ತಿದ್ದ ಫ್ಲೆಚರ್‌ನ ಮಾದರಿಗೆ ದಕ್ಕುವುದು ಬರೀ 850 ಗ್ರಾಂ; 50,000 ಟನ್ ಮೀರಿದ ಬಿಸ್ಮಾರ್ಕ್‌ನ ಮಾದರಿಗಾದರೋ ಹೆಚ್ಚುಕಡಿಮೆ 17 ಕಿಲೋ. ದೊಡ್ಡ ಹಡಗು ಕಟ್ಟುವವನು ಬ್ಯಾಟರಿ, ಗುಂಡನ್ನು ತಳ್ಳುವ ಅನಿಲದ ಬಾಟಲಿ, ಫಿರಂಗಿ, ಒಳಬಂದ ನೀರನ್ನು ಹೊರಹಾಕುವ ಪಂಪುಗಳನ್ನೆಲ್ಲ ತುಂಬಿದ ಮೇಲೂ ನೀರಿನಲ್ಲಿ ಸರಿಯಾಗಿ ಕೂರಲೆಂದು ಸೀಸದ ತುಂಡುಗಳನ್ನು ಹಾಕುತ್ತಾನೆ. ನೀವು ಅದೇ ಸಾಮಾನುಗಳನ್ನು 80 ಸೆಂಟಿಮೀಟರ್ ಉದ್ದದ, ಎಂಟೂವರೆ ಸೆಂಟಿಮೀಟರಿಗೂ ಕಡಿಮೆ ಅಗಲದ ಒಡಲಿನೊಳಗೆ ಗ್ರಾಂ ಎಣಿಸುತ್ತಾ ಇಳಿಸಬೇಕು. ಚಿಕ್ಕದನ್ನು ಕಟ್ಟುವುದು ಸುಲಭವೆಂದುಕೊಂಡಿರುವ ಓದುಗನಿಗೆ ಈ ಹೋಲಿಕೆಯೊಂದೇ ಸಾಕು, ಚರಿತ್ರೆಯ ಒಂಬತ್ತು ಪುಟ ಬೇಡ.

1,040ರಲ್ಲಿ 850 ಕಳೆದು ಮಿಕ್ಕಿದ 190 ಗ್ರಾಂ ಭಾರದಿಂದ ಹಡಗು ಸುಮಾರು 4 ಮಿಲಿಮೀಟರ್ ಹೆಚ್ಚು ಮುಳುಗುತ್ತದೆ ಎಂಬುದು ನಾನು ಹಾಕಿದ ಒರಟು ಲೆಕ್ಕ. ಕೇಳುವುದಕ್ಕೆ ಅಲ್ಪವೆನಿಸಿದರೂ, ಒಟ್ಟು 37 ಮಿಲಿಮೀಟರ್ ಆಳಕ್ಕೆ ಕೂರಬೇಕಾದ ಹಡಗಿಗೆ ಅದು ಅಲ್ಪವಲ್ಲ, ಅದರಲ್ಲೂ ತೂತು ಬಿದ್ದ ಮೇಲೆ. ನೀರಿನ ಮಟ್ಟಕ್ಕಿಂತ 2 ಸೆಂಟಿಮೀಟರ್ ಕೆಳಗೆ ನಾಲ್ಕೂವರೆ ಮಿಲಿಮೀಟರ್‌ನ ಒಂದೇ ಒಂದು ಉಕ್ಕಿನ ಗುಂಡು ಹೊಕ್ಕರೆ ಸೆಕೆಂಡಿಗೆ ಸುಮಾರು 6 ಮಿಲಿಲೀಟರ್ ನೀರು ಒಳಬರುತ್ತದೆ. ಹದಿನೈದು ಸೆಕೆಂಡು ಕಳೆಯುವಷ್ಟರಲ್ಲಿ ಒಂದು ಸಣ್ಣ ಲೋಟ ಚಹಾದಷ್ಟು. ಆ ನೀರು ಸುಮ್ಮನೆ ತಳದಲ್ಲಿ ಕೂರುವುದೂ ಇಲ್ಲ. ತಿರುವು ತೆಗೆದುಕೊಂಡಾಗ ಒಂದೇ ಪಕ್ಕಕ್ಕೆ ಹರಿದು, ತುಂಬಿ ಮುಳುಗುವುದಕ್ಕೆ ಎಷ್ಟೋ ಮುಂಚೆ ಹಡಗನ್ನು ಮಗುಚಿಹಾಕುತ್ತದೆ. ಅನುಭವಸ್ಥರು ಒಡಲಿನ ತಳವನ್ನು ತುಂಬಿಸಿ, ನಡುವೆ ಕಿರಿದಾದ ಕಾಲುವೆಯೊಂದನ್ನು ಬಿಟ್ಟು, ನೀರು ನೇರ ಪಂಪಿನ ಕಡೆಗೇ ಹರಿಯುವಂತೆ ಮಾಡುವುದು ಇದಕ್ಕೇ. ನೀವೂ ಹಾಗೆ ಮಾಡಿದ್ದೀರೆಂದು ನಿಮ್ಮ ಮೂರನೆಯ ಚಿತ್ರದಲ್ಲಿ ಕಾಣುತ್ತದೆ, ಬರಹದಲ್ಲಿ ಮಾತ್ರ ಒಂದಕ್ಷರವಿಲ್ಲ.

ಹೊರಮೈಗೆ ಬಾಲ್ಸಾ ಮರವನ್ನು ‘ಗಟ್ಟಿಯಾಗಿರುವುದರಿಂದ’ ಬಳಸುತ್ತಾರೆ ಎಂದಿದ್ದೀರಿ, ಸಂಗತಿ ತಿರುಗುಮುರುಗಾಗಿದೆ. ಪಕ್ಕೆಲುಬುಗಳ ನಡುವೆ 0.8 ಮಿಲಿಮೀಟರ್ ದಪ್ಪದ ಬಾಲ್ಸಾ ಹಾಳೆ ಅಂಟಿಸುವುದು ಗುಂಡು ಅದನ್ನು ಸೀಳಿಕೊಂಡು ಹೋಗಲಿ ಎಂದೇ. ಮುಳುಗಲಾರದ ಹಡಗಿನೊಂದಿಗೆ ಯಾರು ತಾನೇ ಆಡುತ್ತಾರೆ? ಅಂಕಗಳೂ ತೂತನ್ನು ನೋಡಿಯೇ ಸಿಗುತ್ತವೆ: ಅಮೆರಿಕದ ಪ್ರಮುಖ ಕೂಟಗಳಲ್ಲಿ ನೀರಿನ ಮಟ್ಟಕ್ಕಿಂತ ಮೇಲಿನ ತೂತಿಗೆ 10, ಸರಿಯಾಗಿ ಮಟ್ಟದ ಗೆರೆಯಲ್ಲೇ ಬಿದ್ದದ್ದಕ್ಕೆ 25, ಕೆಳಗಿನದಕ್ಕೆ 50. ಈ ಮೂರು ಅಂಕಿಗಳನ್ನು ಕೊಟ್ಟರೆ ಆಟದ ತಂತ್ರ ಓದುಗನಿಗೆ ತಾನಾಗಿಯೇ ಹೊಳೆಯುತ್ತದೆ.

ಭಾಷೆಯ ಬಗ್ಗೆ ಎರಡೇ ಮಾತು. ‘ಜಲಸಮಾಧಿ’ ಎಂಬ ಪದ ಏಳು ಕಡೆ ಬಂದಿದೆ. ಮುಳುಗಿದ ಹಡಗನ್ನು ಮೇಲೆತ್ತಿ, ನೀರು ಚೆಲ್ಲಿ, ತೂತುಗಳಿಗೆ ತೇಪೆ ಹಾಕಿ ಮತ್ತೆ ಕಾಳಗಕ್ಕಿಳಿಸುವ ಆಟದಲ್ಲಿ ಸಮಾಧಿ ಎಲ್ಲಿಂದ ಬಂತು? ಮುಳುಗಿತು ಎಂದರೆ ಸಾಕು. ರಿಸೀವರನ್ನು ‘ತರಂಗಗ್ರಾಹಕ ಯಂತ್ರ’ ಎಂದು ಕರೆದು, ಅದೇ ಸಾಲಿನಲ್ಲಿ ಚುಕ್ಕಾಣಿಗೆ ‘ರಡ್ಡರ್’ ಎಂದದ್ದೂ ನನಗೆ ಅರ್ಥವಾಗಲಿಲ್ಲ. ಗುಂಡು ಹಾರುವಾಗ ದಡದಲ್ಲಿರುವವರೆಲ್ಲ ಸುರಕ್ಷಾ ಕನ್ನಡಕ ಧರಿಸುವ ನಿಯಮವನ್ನು ಕೊನೆಯ ಟಿಪ್ಪಣಿಯಲ್ಲಿ ಬಚ್ಚಿಡದೆ, ಮೊದಲ ಗುಂಡಿಗಿಂತ ಮುಂಚೆಯೇ ಹೇಳಿಬಿಡಿ. ಮಕ್ಕಳೂ ನಮ್ಮ ಪತ್ರಿಕೆ ಓದುತ್ತಾರೆ.

ಮುಂದಿನ ಹಡಗು ಯಾವುದೆಂದು ತೀರ್ಮಾನಿಸಿಲ್ಲ ಎಂದಿದ್ದೀರಿ. 1939ರ ರಿವರ್ ಪ್ಲೇಟ್ ಕಾಳಗದಲ್ಲಿ ಹೋರಾಡಿ, 1948ರಲ್ಲಿ ಭಾರತದ ನೌಕಾಪಡೆಗೆ ಬಂದು, ಮುಂದೆ ಐಎನ್‌ಎಸ್ ಡೆಲ್ಲಿ ಎನಿಸಿದ ಅಕಿಲೀಸ್ ಎಂಬ ಕ್ರೂಸರ್ (ಮಧ್ಯಮ ಗಾತ್ರದ ಯುದ್ಧನೌಕೆ) ಈ ಅಳತೆಯಲ್ಲಿ 1.17 ಮೀಟರ್ ಉದ್ದವಾಗುತ್ತದೆ, ಮೂರು ಕಿಲೋಗೂ ಮೀರಿದ ತೂಕ ನಿಮ್ಮ ಕೈಗೆ ಸಿಗುತ್ತದೆ. ಇದು ಸಂಪಾದಕನ ಸ್ವಂತ ಆಸೆಯಷ್ಟೇ, ಲೇಖನಕ್ಕೂ ಇದಕ್ಕೂ ಸಂಬಂಧವಿಲ್ಲ.

ತಿದ್ದಿದ ಪ್ರತಿ ಆರು ಪುಟ ಮೀರದಿರಲಿ ಮತ್ತು ಅಡುಗೆಮನೆಯ ತಕ್ಕಡಿಯಿಂದಲೇ ಆರಂಭವಾಗಲಿ. ಬ್ಯಾಟರಿ ಎಷ್ಟು ಗ್ರಾಂ, ಪಂಪು ಎಷ್ಟು, ಅನಿಲದ ಬಾಟಲಿ ಎಷ್ಟು, ಯಾವುದನ್ನು ಕೊರೆದಿರಿ, ಯಾವುದನ್ನು ಬಿಟ್ಟಿರಿ ಎಂಬ ಪಟ್ಟಿಯನ್ನು ನಿಮ್ಮ ಕೈಬರಹದಲ್ಲಿದ್ದರೂ ಸರಿ, ಜೊತೆಗೇ ಕಳುಹಿಸಿ.

ವಿಶ್ವಾಸಗಳೊಂದಿಗೆ,
ಸಂಪಾದಕ